ಅಮ್ಮನ ಪಾತ್ರ ಒಪ್ಪಲಾ ಬೇಡವಾ ಅಂತ ಕೇಳಿದ ಚಿನ್ನಿಗೆ

ಚಿನ್ನಿ,

ನಿನ್ನ ಕಾಗದ ಬಂತು. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದನ್ನೇ ಮತ್ತೆ ಬರೆಯಲ್ಲ. ನಾನು ಬರೆಯುತ್ತಿರುವುದು ಆ ಒಂದು ಸಾಲಿಗೆ ಮಾತ್ರ. ಬಾಡಿಗೆ ಜಾಸ್ತಿಯಾಗಿದ್ದು, ಸ್ಕೂಟರ್ ಕೆಟ್ಟಿದ್ದು, ಎಲ್ಲ ಬರೆದು ಕೊನೆಗೆ ಏನೂ ಅಲ್ಲ ಅನ್ನೋ ಹಾಗೆ ಸೇರಿಸಿದ್ದೀಯಲ್ಲ. ಹೊಸ ಸೀರಿಯಲ್‌ನಲ್ಲಿ ಹೀರೋಗೆ ಅಮ್ಮ ಆಗು ಅಂತಿದ್ದಾರೆ, ಅವನು ನನಗಿಂತ ಮೂರೇ ವರ್ಷ ಚಿಕ್ಕವನು, ಒಂದು ಸಲ ಅಮ್ಮ ಆದರೆ ಇನ್ನು ಯಾವಾಗಲೂ ಅಮ್ಮನೇ, ನನ್ನದು ಮುಗೀತಾ ದೊಡ್ಡಮ್ಮ ಅಂತ. ರಾತ್ರಿ ಎರಡು ಸಲ ಎದ್ದು ಅದನ್ನೇ ಓದಿದೆ. ಮೂವತ್ನಾಲ್ಕು ವರ್ಷದ ಹುಡುಗಿ ಮುಗೀತಾ ಅಂತ ಕೇಳುವುದು ನನಗೆ ಸಹಿಸಲು ಆಗಲಿಲ್ಲ.

ಹಾಗೇನೂ ಆಗಲ್ಲ, ಧೈರ್ಯವಾಗಿರು ಅಂತ ಬರೆದು ಮುಗಿಸಬಹುದಿತ್ತು. ಆದರೆ ಅದು ಸುಳ್ಳು. ನೀನು ಹೆದರಿದ್ದರಲ್ಲಿ ಅರ್ಥವಿದೆ. ಪಂಢರಿಬಾಯಿ ಅವರನ್ನೇ ನೋಡು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ರಾಜ್‌ಕುಮಾರ್ ಮೊದಲ ಸಲ ನಾಯಕ, ಇವರು ನಾಯಕಿ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಆಮೇಲೆ ಅದೇ ರಾಜ್‌ಕುಮಾರ್‌ಗೆ ಇವರು ಅಮ್ಮನಾದರು. ತಮಿಳಿನಲ್ಲೂ ಇದೇ ಕಥೆ. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ 'ಪರಾಶಕ್ತಿ'ಗೆ ಇವರೇ ನಾಯಕಿ, 1952ರಲ್ಲಿ. ಮುಂದೆ ಅವರಿಗೂ ಅಮ್ಮ. ಗಂಡಸರು ಹೀರೋ ಆಗಿಯೇ ಉಳಿದರು, ನಲವತ್ತು ದಾಟಿದ ಮೇಲೂ ಪುಸ್ತಕ ಹಿಡಿದು ಕಾಲೇಜಿಗೆ ಹೋದರು. ಹೆಂಗಸರಿಗೆ ಮಾತ್ರ ಬೇಗ ಬೇಗ ನರೆ ಬರಿಸಿದರು. ಇದು ನಿನ್ನ ಕಾಲದಲ್ಲಿ ಶುರುವಾದದ್ದಲ್ಲ. ಪುಣ್ಯಾತ್ಮರು ಇನ್ನೂ ಬಿಟ್ಟಿಲ್ಲ, ಅಷ್ಟೆ.

ನನಗೂ ಒಬ್ಬ ಮಗನಿದ್ದ, ಗೊತ್ತಾ? ನಿನಗೆ ಈ ಕಥೆ ಯಾರೂ ಹೇಳಿರಲಿಕ್ಕಿಲ್ಲ. ನಾನಾಗ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸಕ್ಕಿದ್ದೆ, ಇನ್ನೂ ಮದುವೆ ಆಗಿರಲಿಲ್ಲ. ಶಿಫ್ಟ್ ಮುಗಿಸಿ ಕಲಾಕ್ಷೇತ್ರದ ಹಿಂದೆ ರಿಹರ್ಸಲ್‌ಗೆ ಓಡುತ್ತಿದ್ದೆ. ಮುದುಕಿ ಪಾತ್ರ ಮಾಡಬೇಕಿದ್ದವರು ಕೈಕೊಟ್ಟರು. ನಿರ್ದೇಶಕರು ಸುತ್ತ ನೋಡಿ ನನ್ನ ಕಡೆ ಬೆರಳು ತೋರಿಸಿದರು. ಮಗನ ಪಾತ್ರದವರು ಅಕೌಂಟೆಂಟ್, ನೆತ್ತಿ ಬೋಳಾಗಿತ್ತು, ಮೂರು ಮಕ್ಕಳ ತಂದೆ. ನಾನು ಅವರಿಗೆ 'ಮಗಾ' ಅನ್ನಬೇಕು. ರಿಹರ್ಸಲ್‌ನಲ್ಲಿ ಎಲ್ಲರೂ ನಗುತ್ತಿದ್ದರು.

ಪ್ರದರ್ಶನದ ದಿನ ಗ್ರೀನ್‌ರೂಮಿನಲ್ಲಿ ಮೇಕಪ್‌ನವರು ನನ್ನನ್ನು ಬಲ್ಬಿನ ಕೆಳಗೆ ಕೂರಿಸಿ, ನಗಿ ಅಂದರು. ನಕ್ಕೆ. ಕೆನ್ನೆಯಲ್ಲಿ ಮಡಿಕೆ ಬಿದ್ದ ಜಾಗದಲ್ಲೇ ಕಂದು ಪೆನ್ಸಿಲ್ಲಿನಿಂದ ಗೆರೆ ಎಳೆದರು. ಹುಬ್ಬು ಗಂಟಿಕ್ಕಿ ಅಂದರು. ಅಲ್ಲೂ ಗೆರೆ. ಸುಮ್ಮನೆ ಎಲ್ಲೆಂದರಲ್ಲಿ ಗೆರೆ ಎಳೆದರೆ ಬರೀ ಬಣ್ಣ ಕಾಣುತ್ತೆ, ನಿಮ್ಮ ಮುಖ ಮುಂದೆ ಎಲ್ಲಿ ಸುಕ್ಕಾಗುತ್ತೋ ಅಲ್ಲೇ ಎಳೆಯಬೇಕು ಅಂತ ಅವರೇ ಹೇಳಿದರು. ಆಮೇಲೆ ತಲೆಗೆ ಬಿಳಿ ಜಿಂಕ್ ಪುಡಿ. ತೊಳೆದರೂ ವಾರವೆಲ್ಲ ಕಿವಿ ಹಿಂದೆ ಉಳಿದಿರುತ್ತಿತ್ತು, ಎಕ್ಸ್‌ಚೇಂಜ್‌ನಲ್ಲಿ ಹುಡುಗಿಯರು ಏನೇ ತಲೆಹೊಟ್ಟಾ ಅಂತ ಕೇಳಿದ್ದರು. ಕನ್ನಡಿ ನೋಡಿಕೊಂಡರೆ ಎದುರಿಗೆ ನಮ್ಮಮ್ಮ ಕೂತಂತಿತ್ತು. ನಮ್ಮಮ್ಮನಿಗೆ, ಅಂದರೆ ನಿಮ್ಮಜ್ಜಿಗೆ, ಅದೇ ಕೋಪ. ಮದುವೆಗಿರೋ ಹುಡುಗಿಗೆ ಬಿಳಿ ತಲೆ ಮಾಡಿಸ್ತಾರಾ, ಇನ್ನು ಯಾರು ಬರ್ತಾರೆ ನೋಡೋಕೆ ಅಂತ ಎರಡು ದಿನ ಮಾತು ಬಿಟ್ಟಿದ್ದಳು. ಅವಳ ಭಯವೂ ನಿನ್ನದೇ, ಅಲ್ವಾ? ಒಂದು ಸಲ ಮುದುಕಿಯಾದರೆ ಮುಗೀತು.

ನಾನು ಮಾಡಿದ ಪಾತ್ರಗಳಲ್ಲಿ ಜನ ಈಗಲೂ ನೆನಪಿಸಿಕೊಳ್ಳುವುದು ಆ ಮುದುಕಿಯನ್ನೇ. ನಾಯಕಿಯಾಗಿ ಮಾಡಿದ್ದು ನನಗೇ ಸರಿಯಾಗಿ ನೆನಪಿಲ್ಲ. ಆದರೆ ನನ್ನ ಮಾತು ಇಲ್ಲಿ ನಡೆಯಲ್ಲ. ನನಗೆ ಸಂಬಳ ಬರುತ್ತಿತ್ತು, ನಾಟಕದಿಂದ ಹೊಟ್ಟೆ ತುಂಬಬೇಕಿರಲಿಲ್ಲ. ನಿನಗೆ ಹಾಗಲ್ಲ. ಅದಕ್ಕೇ ಬೇರೆಯವರ ಕಥೆ ಹೇಳುತ್ತೇನೆ.

ಉಮಾಶ್ರೀ ಅವರನ್ನು ನೀನು ಪುಟ್ಟಕ್ಕ ಅಂತ ಟಿವಿಯಲ್ಲಿ ನೋಡಿದ್ದೀಯ. ನಾನು ನೋಡಿದ್ದು ಸಾಕವ್ವ ಆಗಿ. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಆ ಅಜ್ಜಿಯಾಗಿ ನಿಂತವರು ಇವರು. 1957ರಲ್ಲಿ ಹುಟ್ಟಿದವರು, ಆಗ ಎಷ್ಟು ಚಿಕ್ಕವರು ಲೆಕ್ಕ ಹಾಕಿಕೋ. ಹುಂಜ ಕಳೆದುಕೊಂಡ ಒಬ್ಬ ಬಡ ಮುದುಕಿ, ಅದನ್ನು ಹುಡುಕುತ್ತಾ ಎಲ್ಲರನ್ನೂ ಬೈಯುತ್ತಾ ಓಡಾಡುತ್ತಾಳೆ. ಅಷ್ಟೇ ಕಥೆ ಅನ್ನಿಸುತ್ತೆ. ಒಳಗಿನ ಹಸಿವು ಆಮೇಲೆ ಗೊತ್ತಾಗೋದು. ಕೂತವರಿಗೆ ಎದುರಿಗಿರುವುದು ಹರೆಯದ ಹೆಣ್ಣು ಅಂತ ಅನ್ನಿಸಲೇ ಇಲ್ಲ.

ಹಾಗಂತ ಅವರ ದಾರಿ ಹೂವಿನದಾಗಿರಲಿಲ್ಲ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು, ಜನ ಗುರುತಿಸಿದರು. ಆಮೇಲೆ ವರ್ಷಗಟ್ಟಲೆ ಕಾಮಿಡಿ, ಅದೂ ಎರಡರ್ಥದ ಮಾತಿನ ಕಾಮಿಡಿ. ಎನ್.ಎಸ್. ರಾವ್ ಜೊತೆ ಅವರು ತೆರೆ ಮೇಲೆ ಬಂದರೆ ಥಿಯೇಟರ್‌ನಲ್ಲಿ ಶಿಳ್ಳೆ. ಮನೆಗಳಲ್ಲಿ ಮಾತ್ರ ಮೂಗು ಮುರಿಯುತ್ತಿದ್ದರು, ನಮ್ಮ ಮನೆಯಲ್ಲೂ. ಸಾಕವ್ವನ್ನ ಮಾಡಿದ ಹೆಂಗಸು ಇಲ್ಲಿಗೆ ಬಂದು ಮುಗಿದಳು ಅಂತ ನಮ್ಮ ನಾಟಕದವರೇ ಎಷ್ಟು ಜನ ಹೇಳಿಲ್ಲ! ಮಕ್ಕಳನ್ನು ಸಾಕಬೇಕಿತ್ತು, ಕೆಲಸ ಬಿಡಲಿಲ್ಲ. ಐವತ್ತರ ಹೊತ್ತಿಗೆ ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸ್'ಗೆ ಕರೆದರು. ಕರಾವಳಿಯ ಬೆಸ್ತರ ಊರಿನ ಸೂಲಗಿತ್ತಿ, ಸಿನಿಮಾ ಹುಚ್ಚಿನ ಗುಲಾಬಿ. ಅದಕ್ಕೆ 55ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಅಂತ ಅವರ ಹೆಸರು ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿ ಆದರು. ಅದು ಬೇರೆ ಕಥೆ, ನಮಗೆ ಬೇಡ. 2021ರ ಕೊನೆಯಲ್ಲಿ ಟಿವಿಗೆ ವಾಪಸ್ ಬಂದಾಗ ಯಾವ ಪಾತ್ರ? ಅಮ್ಮ! ಗಂಡ ಬಿಟ್ಟ, ಮೂರು ಹೆಣ್ಣುಮಕ್ಕಳ, ಮೆಸ್ ನಡೆಸುವ ಅಮ್ಮ. ಸೀರಿಯಲ್ಲಿನ ಹೆಸರೇ ಅವಳದ್ದು. 2025ರ ಶುರುವಿನಲ್ಲಿ ಯಕ್ಷಗಾನದಲ್ಲಿ ಮಂಥರೆಯಾಗಿಯೂ ಕುಣಿದರು. ಅರವತ್ತೇಳು ವರ್ಷ ಅವರಿಗೆ ಆಗ. ಎಲ್ಲರೂ ಉಮಾಶ್ರೀ ಆಗಲ್ಲ, ಗೊತ್ತು. ನಿನಗೆ ಹಾಗೇ ಆಗುತ್ತೆ ಅಂತ ಭರವಸೆ ಕೊಡುತ್ತಿಲ್ಲ. ಮುಗಿದಳು ಅಂತ ಊರೆಲ್ಲ ಹೇಳಿದ ಮೇಲೂ ಇಷ್ಟೆಲ್ಲ ಉಳಿದಿತ್ತು ಅನ್ನೋದನ್ನ ಮಾತ್ರ ನೋಡು.

ಈಗ ಮತ್ತೆ ನಿನ್ನ ಅಮ್ಮನ ಪಾತ್ರಕ್ಕೆ ಬರುತ್ತೇನೆ. ನಾನು ಸಂಜೆ ಸೀರಿಯಲ್ ನೋಡುವವಳು, ನನಗೆ ಎರಡು ಥರದ ಅಮ್ಮಂದಿರು ಕಾಣುತ್ತಾರೆ. ಒಬ್ಬಳು ರೇಷ್ಮೆ ಸೀರೆ ಉಟ್ಟೇ ಮಲಗುತ್ತಾಳೆ, ಎದ್ದು ಮಂಗಳಾರತಿ ತಟ್ಟೆ ಹಿಡಿದು ನಿಲ್ಲುತ್ತಾಳೆ, ಸೊಸೆ ಅತ್ತಾಗ ಕ್ಯಾಮೆರಾ ಒಂದು ಸಲ ಅವಳ ಮುಖಕ್ಕೆ ಬಂದು ಹೋಗುತ್ತೆ. ಇನ್ನೊಬ್ಬಳು ಏನೋ ಬಚ್ಚಿಟ್ಟಿರುತ್ತಾಳೆ, ಏನೋ ತಪ್ಪು ಮಾಡುತ್ತಾಳೆ, ಅವಳು ಮಾಡಿದ್ದರಿಂದ ಕಥೆ ತಿರುಗುತ್ತೆ. ಮೊದಲನೆಯವಳನ್ನು ಕೊಟ್ಟರೆ ನೀನು ಹೆದರಿದ್ದು ಸರಿ. ಎರಡನೆಯವಳಾದರೆ ಯೋಚನೆ ಮಾಡು. ಹೋಗಿ ಕೇಳು, ಈ ಅಮ್ಮ ಏನು ಮಾಡ್ತಾಳೆ ಅಂತ. ಕಥೆ ಹೇಳುವವರು ತಡವರಿಸಿದರೆ ಗೊತ್ತಾಗುತ್ತಲ್ಲ. ಅವರು ಹೇಳಿದ ಹಾಗೆಯೇ ಕೊನೆವರೆಗೂ ನಡೆಯುತ್ತೆ ಅಂತಲ್ಲ. ಗುರುವಾರ ಟಿಆರ್‌ಪಿ ಬಂದ ಮೇಲೆ ಟ್ರ್ಯಾಕೇ ಬದಲಾಗುತ್ತೆ ಅಂತ ನೀನೇ ಹೇಳಿದ್ದೆ.

ದುಡ್ಡಿನ ವಿಷಯ ಹೇಳುವುದಕ್ಕೆ ನನಗೆ ಅಧಿಕಾರ ಇಲ್ಲ. ಆದರೂ ತಿಂಗಳಿಗೆ ಇಷ್ಟು ದಿನ ಕೆಲಸ ಅನ್ನೋದು ಕಾಗದದಲ್ಲಿ ಇರಲಿ. ಸೀರೆ ನಿನ್ನದಾ ಅವರದಾ ಅಂತಲೂ ಕೇಳಿಕೋ, ಹೋದ ಸಲ ಬಂದ ದುಡ್ಡು ಬ್ಲೌಸ್ ಹೊಲಿಸೋಕೇ ಹೋಯ್ತು ಅಂತ ಅತ್ತಿದ್ದೆ. ಚೆಕ್ ತಡವಾಗಿ ಬರುವ ಕೆಲಸ ಇದು, ಕಾರಿಗೆ ಇಎಂಐ ಕಟ್ಟುವ ಯೋಚನೆ ಸ್ವಲ್ಪ ಮುಂದೂಡು. ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ನಾಟಕ ಮಾತ್ರ ಬಿಡಬೇಡ ಮಾರಾಯ್ತಿ. ಅಲ್ಲಿ ಮೂವತ್ನಾಲ್ಕಕ್ಕೆ ಹದಿನೆಂಟೂ ಆಗಬಹುದು, ಎಂಬತ್ತೂ ಆಗಬಹುದು. ಭಾರ್ಗವಿ ನಾರಾಯಣ್ ಅವರನ್ನು ನೆನೆಸಿಕೋ. ಇಎಸ್‌ಐ ಕಚೇರಿಯಲ್ಲಿ ಕೆಲಸ, ಮನೆ ತುಂಬ ಮಕ್ಕಳು, ಅದರ ಮಧ್ಯೆ ನಾಟಕ, ಸಿನಿಮಾ, ಸೀರಿಯಲ್ ಎಲ್ಲ. 2022ರಲ್ಲಿ ಹೋದರು, ಎಂಬತ್ನಾಲ್ಕು ವರ್ಷ. ಬಿ. ಜಯಶ್ರೀ ಅವರು ರಂಗದ ಮೇಲೆ ಹಾಡುತ್ತಾ ಮೆರೆದವರು, ಎಷ್ಟೋ ಸಿನಿಮಾ ನಾಯಕಿಯರಿಗೆ ದನಿಯನ್ನೂ ಕೊಟ್ಟರು. ನಿನ್ನ ದನಿ ಚೆನ್ನಾಗಿದೆ. ಡಬ್ಬಿಂಗ್ ಕೇಳಿ ನೋಡಬಾರದಾ? ದನಿಗೆ ಯಾರೂ ವಯಸ್ಸು ಕೇಳಲ್ಲ ಅಂದುಕೊಂಡಿದ್ದೇನೆ. ಈಗ ಕೇಳುತ್ತಾರೋ ಏನೋ.

ನಾನು ನಾಟಕ ಬಿಟ್ಟಿದ್ದಕ್ಕೆ ಯಾರೂ ಕಾರಣ ಅಲ್ಲ. ನಿಮ್ಮ ದೊಡ್ಡಪ್ಪನಿಗೆ ಬಳ್ಳಾರಿಗೆ ವರ್ಗ ಆಯ್ತು, ಹೋದೆವು. ಬಳ್ಳಾರಿ ಅಂದರೆ ಹಳೇ ಕಾಲದ ದೊಡ್ಡ ರಂಗನಟ ರಾಘವರ ಊರು, ಅವರ ಹೆಸರಿನ ಕಲಾಮಂದಿರವೇ ಇದೆ. ಸಂಜೆ ತರಕಾರಿ ತರುವಾಗ ಅದರ ಮುಂದೆಯೇ ಹಾಯುತ್ತಿದ್ದೆ, ಒಳಗಿಂದ ಹಾರ್ಮೋನಿಯಂ ಕೇಳುತ್ತಿತ್ತು. ಒಳಗೆ ಹೋಗಿ ನಾನೂ ಮಾಡ್ತೀನಿ ಅಂತ ಕೇಳಲೇ ಇಲ್ಲ. ಮಗು ಚಿಕ್ಕದು, ಅಡುಗೆ ಆಗಬೇಕು, ನಾಳೆ ನೋಡೋಣ. ಈಗ ಮೇಕಪ್ಪೇ ಇಲ್ಲದೆ ಮುದುಕಿ ಪಾತ್ರ ಮಾಡಬಹುದು, ಗೆರೆ ಎಲ್ಲ ಆ ಮೇಕಪ್‌ನವರು ಎಳೆದ ಜಾಗದಲ್ಲೇ ಬಂದಿವೆ. ಆದರೆ ಮಂಡಿ ಮೆಟ್ಟಿಲು ಹತ್ತಲ್ಲ. ಒಂದು ಸಂಜೆ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತೆ. ಅದಕ್ಕೇ ಇರಬೇಕು ನಿನ್ನ ಸಾಲು ಓದಿ ನನಗೆ ನಿದ್ದೆ ಬರದೇ ಹೋದದ್ದು. ನಿನ್ನನ್ನ ಕರೆಯುತ್ತಿದ್ದಾರೆ ಚಿನ್ನಿ. ತಪ್ಪು ಪಾತ್ರಕ್ಕೇ ಕರೆದಿರಬಹುದು, ಆದರೂ ಕರೆಯುತ್ತಿದ್ದಾರೆ.

ಬೇಡ ಅನ್ನಿಸಿದರೆ ಬೇಡ ಅನ್ನು. ಎರಡು ತಿಂಗಳ ಬಾಡಿಗೆ ನಾನು ಕೊಡುತ್ತೇನೆ, ನಿಮ್ಮಮ್ಮನಿಗೆ ಹೇಳುವ ಅಗತ್ಯ ಇಲ್ಲ. ಒಪ್ಪಿದರೆ ಆ ಹೀರೋ ಹುಡುಗನನ್ನು ಸೆಟ್‌ನಲ್ಲಿ ಮೊದಲ ದಿನದಿಂದಲೇ ಹೋಗೋ ಬಾರೋ ಅಂತ ಮಾತಾಡಿಸು, ಸಂಕೋಚ ಬೇಗ ಬಿಡುತ್ತೆ. ನನಗೆ ಆ ಅಕೌಂಟೆಂಟ್‌ರನ್ನು ಏಕವಚನದಲ್ಲಿ ಕರೆಯಲು ತುಂಬಾ ದಿನ ಬಾಯಿ ಬಂದಿರಲಿಲ್ಲ. ಸಹಿ ಹಾಕುವ ಮೊದಲು ಒಂದು ಫೋನ್ ಮಾಡು. ಮಧ್ಯಾಹ್ನ ಮಾತ್ರ ಬೇಡ, ಮಲಗಿರುತ್ತೇನೆ.

ನಿನ್ನ
ದೊಡ್ಡಮ್ಮ