ಇಂಟರ್‌ನೆಟ್ ಹೋದರೂ ಇನ್ನು ಮರದ ಕಟಿಂಗ್ ನಿಲ್ಲುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಸಾಗರದ ನಮ್ಮ ವರ್ಕ್‌ಶಾಪ್‌ನಲ್ಲಿರುವ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮಿಷಿನ್, ಈ ತಿಂಗಳಿಂದ ಹೊಸ ಸಾಫ್ಟ್‌ವೇರ್‌ನಲ್ಲಿ ಓಡುತ್ತಿದೆ. ಮಿಷಿನ್ ಅದೇ, ಕೆಲಸದವರು ಅವರೇ, ರೇಟೂ ಅದೇ. ನೀವು ಫೈಲ್ ಕೊಡುವ ರೀತಿ ಮತ್ತು ಕಟಿಂಗ್‌ಗೆ ಮುಂಚೆ ಒಪ್ಪಿಗೆ ಕೊಡುವ ರೀತಿ ಮಾತ್ರ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ಬಳಸುತ್ತಿದ್ದ ಸಾಫ್ಟ್‌ವೇರ್ ಕೂಡ ಬ್ರೌಸರ್‌ನಲ್ಲೇ ತೆರೆಯುತ್ತಿತ್ತು. ಆದರೆ ಅದು ಇದ್ದದ್ದು ಎಲ್ಲೋ ದೂರದ ಸರ್ವರ್‌ನಲ್ಲಿ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಕೊಂಬೆ ಬಿದ್ದು ಲೈನ್ ಹರಿದರೆ ನೆಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಕರೆಂಟ್ ಇದೆ, ಹಲಗೆ ಬೆಡ್ ಮೇಲೆ ಕ್ಲಾಂಪ್ ಆಗಿದೆ, ಮರ ಕೊರೆಯುವ ಬಿಟ್ ಹಾಕಿಯಾಗಿದೆ. ಆದರೂ ಲಾಗಿನ್ ಆಗದೆ ಕೆಲಸ ಶುರು ಮಾಡುವ ಹಾಗಿಲ್ಲ. ಗೃಹಪ್ರವೇಶಕ್ಕೆ ದಿನ ಇಟ್ಟುಕೊಂಡವರಿಗೆ "ನೆಟ್ ಇಲ್ಲ, ನಾಳೆ ಬನ್ನಿ" ಅನ್ನುವುದು ನಮಗೆ ಬಹಳ ಬೇಸರದ ಮಾತಾಗಿತ್ತು.

ಇನ್ನೊಂದು ಕಾರಣವೂ ಇದೆ, ನಮಗೆ ಅದೇ ದೊಡ್ಡದು. ನಮ್ಮ ಸುತ್ತಮುತ್ತ ಗುಡಿಗಾರ ಮನೆತನಗಳ ಕೆತ್ತನೆ ಕಸುಬು ಇನ್ನೂ ಉಳಿದಿದೆ. ತಲೆಮಾರುಗಳಿಂದ ಬಂದ ಬಳ್ಳಿ, ಹಂಸ, ಸಿಂಹದ ಮುಖದ ನಮೂನೆಗಳನ್ನು ಕೆಲವರು ನಂಬಿ ನಮ್ಮ ಕೈಗೆ ಕೊಡುತ್ತಾರೆ. ಒರಟು ಕೆತ್ತನೆ ಮಿಷಿನ್ ಮಾಡಲಿ, ನಾಜೂಕು ಕೆಲಸ ಉಳಿಯಲ್ಲಿ ನಾವೇ ಮಾಡಿಕೊಳ್ಳುತ್ತೇವೆ ಅನ್ನುತ್ತಾರೆ. ಅಂಥ ನಮೂನೆ ಇಂಟರ್‌ನೆಟ್‌ಗೆ ಹೋಗಿ ಇನ್ಯಾರದೋ ಸರ್ವರ್‌ನಲ್ಲಿ ಕೂರುವುದು ನಮಗೆ ಸರಿ ಕಾಣಲಿಲ್ಲ.

ಈಗ ನಾವು ಹಾಕಿಕೊಂಡಿರುವುದು ಸಿಎನ್‌ಸಿಜೆಎಸ್ ಅನ್ನುವ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್. ಮಿಷಿನ್ ಪಕ್ಕದಲ್ಲೇ ಒಂದು ಸಣ್ಣ ಲಿನಕ್ಸ್ ಕಂಪ್ಯೂಟರ್ ಇದೆ. ಅದರಿಂದ ಒಂದು ಯುಎಸ್‌ಬಿ ಕೇಬಲ್ ಮಿಷಿನ್‌ನ ಕಂಟ್ರೋಲರ್ ಬೋರ್ಡ್‌ಗೆ ಹೋಗುತ್ತದೆ. ಬೋರ್ಡ್‌ನಲ್ಲಿ ಮೊದಲಿನಿಂದಲೂ ಇರುವುದು ಮೋಟರ್‌ಗಳನ್ನು ನಡೆಸುವ ಗ್ರಬಲ್ ಅನ್ನುವ ಸಾಫ್ಟ್‌ವೇರ್. 2009ರಲ್ಲಿ ಶುರುವಾದ ಇದೂ ಓಪನ್ ಸೋರ್ಸೇ. ಬರೀ 32 ಕಿಲೋಬೈಟ್ ಮೆಮೊರಿಯ ಆರ್ಡುಯಿನೋ ಚಿಪ್‌ನಲ್ಲಿ ಕೂತು ಮೂರು ಮೋಟರ್‌ಗಳನ್ನು ಒಟ್ಟಿಗೆ ನಡೆಸುತ್ತದೆ. ಅದನ್ನು ನೋಡಿದಾಗಲೆಲ್ಲ ಬರೆದವರ ಬಗ್ಗೆ ಗೌರವ ಹುಟ್ಟುತ್ತದೆ.

ಕೆಲಸ ನಡೆಯುವುದು ಹೀಗೆ. ನಿಮ್ಮ ಡಿಸೈನ್ ಜಿ-ಕೋಡ್ ಆಗಿ, ಅಂದರೆ ಮಿಷಿನ್‌ಗೆ ಅರ್ಥವಾಗುವ ಆದೇಶಗಳ ಸಾಲುಗಳಾಗಿ, ಆ ಕಂಪ್ಯೂಟರ್‌ಗೆ ಬರುತ್ತದೆ. ಅದು ಒಂದೊಂದೇ ಸಾಲನ್ನು ಬೋರ್ಡ್‌ಗೆ ಕಳಿಸುತ್ತದೆ. ವರ್ಕ್‌ಶಾಪ್‌ನ ವೈಫೈನಲ್ಲಿರುವ ಟ್ಯಾಬ್ ಅಥವಾ ಮೊಬೈಲ್‌ನ ಬ್ರೌಸರ್‌ನಲ್ಲಿ ನಾವು ಅದನ್ನು ನೋಡುತ್ತೇವೆ, ನಡೆಸುತ್ತೇವೆ. ಸಾಲುಗಳನ್ನು ಕಳಿಸುವುದು ಕಂಪ್ಯೂಟರ್, ಬ್ರೌಸರ್ ಅಲ್ಲ. ಹಾಗಾಗಿ ಟ್ಯಾಬ್‌ನ ಚಾರ್ಜ್ ಮುಗಿದರೂ ಕಟಿಂಗ್ ನಡೆಯುತ್ತಲೇ ಇರುತ್ತದೆ. ಇದಕ್ಕೆಲ್ಲ ಹೊರಗಿನ ಇಂಟರ್‌ನೆಟ್ ಬೇಕಾಗಿಲ್ಲ.

ಇದರಿಂದ ನಿಮಗೆ ನೇರವಾಗಿ ಆಗುವ ಅನುಕೂಲ ಅಂದರೆ ಪ್ರಿವ್ಯೂ. ಬಿಟ್ ಎಲ್ಲೆಲ್ಲಿ ಓಡಾಡುತ್ತದೆ ಅನ್ನುವುದು ಗೆರೆಗೆರೆಯಾಗಿ ಪರದೆ ಮೇಲೆ ಕಾಣುತ್ತದೆ. ಬೆರಳಲ್ಲಿ ತಿರುಗಿಸಿ ಪಕ್ಕದಿಂದಲೂ ನೋಡಬಹುದು. ಬಾಗಿಲಿನ ಬಾರ್ಡರ್ ಅಂಚಿಗೆ ತೀರಾ ಹತ್ತಿರ ಬಂತಾ, ಬೀಗ ಕೂರುವ ಜಾಗದಲ್ಲೇ ಹೂವು ಬಂತಾ ಅಂತ ಮರ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ತೇಗದ ಹಲಗೆಯ ಬೆಲೆ ಗೊತ್ತಲ್ವಾ? ದಯವಿಟ್ಟು ಐದು ನಿಮಿಷ ಬಿಡುವು ಮಾಡಿಕೊಂಡು ನೋಡಿ, ಆಮೇಲೆ ಹ್ಞೂಂ ಅನ್ನಿ. ಬರಲು ಆಗದವರಿಗೆ ಪರದೆಯ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ನಿಮ್ಮ ಒಪ್ಪಿಗೆ ಬಾರದೆ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಆನ್ ಮಾಡುವುದಿಲ್ಲ.

ಆಳದ ಲೆಕ್ಕವೂ ಈಗ ಹೆಚ್ಚು ಸರಿಯಾಗಿ ಸಿಗುತ್ತದೆ. ಮೊದಲು ಬಿಟ್ ಕೆಳಗೆ ಒಂದು ಕಾಗದದ ಚೂರು ಇಟ್ಟು, ಅದು ಬಿಗಿಯಾಗುವವರೆಗೆ ಇಳಿಸಿ ಸೊನ್ನೆ, ಅಂದರೆ ಅಳತೆ ಶುರುವಾಗುವ ಜಾಗ, ಹಿಡಿಯುತ್ತಿದ್ದೆವು. ಈಗ ಬಿಟ್‌ಗೆ ಒಂದು ಕ್ಲಿಪ್ ಸಿಕ್ಕಿಸಿ, ಹಲಗೆ ಮೇಲೆ ಅಲ್ಯೂಮಿನಿಯಂ ತುಂಡು ಇಡುತ್ತೇವೆ. ಬಿಟ್ ಮೆಲ್ಲಗೆ ಇಳಿದು ತುಂಡಿಗೆ ತಾಗಿದ ಕೂಡಲೇ ಸರ್ಕ್ಯೂಟ್ ಕೂಡುತ್ತದೆ, ಮಿಷಿನ್ ನಿಲ್ಲುತ್ತದೆ. ತುಂಡಿನ ದಪ್ಪ ಕಳೆದರೆ ಹಲಗೆಯ ಮೇಲ್ಮೈ ಸಿಕ್ಕಿತು. ಬಿಟ್ ಬದಲಾಯಿಸಿದಾಗಲೆಲ್ಲ ಹೀಗೇ ಮಾಡುವುದರಿಂದ ಎರಡು ಬಿಟ್‌ಗಳ ಕೆಲಸ ಕೂಡುವ ಕಡೆ ಮೆಟ್ಟಿಲು ಬೀಳುವುದು ಕಡಿಮೆ.

ಕರೆಂಟ್ ಹೋದರೆ ಏನು ಅಂತ ಕೇಳುತ್ತೀರಿ. ಸ್ಪಿಂಡಲ್ ಯುಪಿಎಸ್ ಮೇಲೆ ಇಲ್ಲ, ಅದು ನಿಂತೇ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಮಿಷಿನ್ ಮೂಲೆಯ ಲಿಮಿಟ್ ಸ್ವಿಚ್‌ಗಳನ್ನು ಮುಟ್ಟಿ ತಾನೆಲ್ಲಿದ್ದೇನೆ ಅಂತ ಮತ್ತೆ ಕಂಡುಕೊಳ್ಳುತ್ತದೆ. ನಿಮ್ಮ ಹಲಗೆಯ ಸೊನ್ನೆ ಎಲ್ಲಿತ್ತು ಅನ್ನುವುದು ಬೋರ್ಡ್‌ನ ಮೆಮೊರಿಯಲ್ಲಿ ಉಳಿದಿರುತ್ತದೆ. ಅದಕ್ಕೇ ದೊಡ್ಡ ಕೆಲಸವನ್ನು ಇನ್ನು ಮುಂದೆ ಒಂದೇ ಫೈಲ್ ಮಾಡದೆ ಸಣ್ಣ ಸಣ್ಣ ಭಾಗ ಮಾಡುತ್ತೇವೆ. ನಿಂತ ಭಾಗವನ್ನು ಮಾತ್ರ ಮೊದಲಿಂದ ಓಡಿಸಿದರೆ ಸಾಕು. ಕೊರೆದಾಗಿರುವ ಕಡೆ ಬಿಟ್ ಸುಮ್ನೆ ಗಾಳಿಯಲ್ಲಿ ಹೋಗುತ್ತದೆ.

"ಬ್ರೌಸರ್ ತಾನೇ, ನಮ್ಮ ಮನೆಯಿಂದಲೇ ನೋಡಬಹುದಲ್ಲ" ಅಂತ ಈಗಾಗಲೇ ಕೆಲವರು ಕೇಳಿದ್ದಾರೆ. ಆಗುವುದಿಲ್ಲ, ಕ್ಷಮಿಸಿ. ಈ ಕಂಪ್ಯೂಟರ್ ವರ್ಕ್‌ಶಾಪ್‌ನ ಒಳಗೆ ಮಾತ್ರ ಸಿಗುವ ಹಾಗೆ ಇಟ್ಟಿದ್ದೇವೆ. 2018ರಲ್ಲಿ 3ಡಿ ಪ್ರಿಂಟರ್ ನಡೆಸುವ ಆಕ್ಟೋಪ್ರಿಂಟ್ ಅನ್ನುವ ಇಂಥದೇ ಸಾಫ್ಟ್‌ವೇರ್ ಹಾಕಿಕೊಂಡಿದ್ದ ಸಾವಿರಾರು ಕಂಪ್ಯೂಟರ್‌ಗಳು ಇಂಟರ್‌ನೆಟ್‌ಗೆ ತೆರೆದುಕೊಂಡಿರುವುದು ಪತ್ತೆಯಾಯಿತು. ಬಳಸುವವರು ಹಾಗೆ ಬಿಟ್ಟಿದ್ದರಿಂದ ಆದದ್ದು ಅದು. ರೂಟರ್‌ನಲ್ಲಿ ಅಂಥದ್ದಾಗಿ ಯಾರೋ ಹೊರಗಿನಿಂದ ಮಿಷಿನ್ ಓಡಿಸಿದರೆ ಕೈ ಹೋಗುತ್ತದೆ.

ಅದೇ ಕಾರಣಕ್ಕೆ ನೋಡಲು ಬಂದವರಿಗೂ ಒಂದು ಮಾತು. ಪರದೆಯ ಪಾಜ್ (ತಡೆಯುವ) ಬಟನ್ ಒತ್ತಿದರೆ ಮಿಷಿನ್‌ನ ಓಡಾಟ ಮಾತ್ರ ನಿಲ್ಲುತ್ತದೆ, ಬಿಟ್ ತಿರುಗುತ್ತಲೇ ಇರುತ್ತದೆ. ನಿಂತಿದೆ ಅಂದುಕೊಂಡು ಬಗ್ಗಬೇಡಿ, ಹಳದಿ ಗೆರೆ ದಾಟಬೇಡಿ. ಅಪಾಯ ಕಂಡರೆ ಮಿಷಿನ್ ಮುಂದಿರುವ ಕೆಂಪು ಗುಂಡಿ ಒತ್ತಿ. ಅದು ಯಾವ ಸಾಫ್ಟ್‌ವೇರ್‌ನ ಹಂಗೂ ಇಲ್ಲದೆ ನೇರವಾಗಿ ಪವರ್ ಕಡಿಯುತ್ತದೆ. ಕೆಲಸ ಕೆಟ್ಟರೆ ಕೆಡಲಿ, ಯಾರೂ ಬೈಯುವುದಿಲ್ಲ.

ಇನ್ನು ಫೈಲ್ ವಿಷಯ. ಡಿಎಕ್ಸ್‌ಎಫ್, ಎಸ್‌ವಿಜಿ, ಉಬ್ಬು ಕೆತ್ತನೆಗೆ ಎಸ್‌ಟಿಎಲ್ ಕೊಡುವವರಿಗೆ ಏನೂ ಬದಲಾಗಿಲ್ಲ. ಕಾಗದದ ಮೇಲಿನ ಚಿತ್ರವೂ ಆಗುತ್ತದೆ. ಸ್ವಂತ ಜಿ-ಕೋಡ್ ತರುವವರು ಮಾತ್ರ ಪೋಸ್ಟ್ ಪ್ರೊಸೆಸರ್ ಪಟ್ಟಿಯಲ್ಲಿ ಗ್ರಬಲ್ ಆರಿಸಿ, ಅಳತೆ ಮಿಲಿಮೀಟರ್‌ನಲ್ಲಿ ಇಡಿ. ತೂತು ಕೊರೆಯುವ ಜಿ81, ಜಿ83 ಸಾಲುಗಳು ಗ್ರಬಲ್‌ಗೆ ಗೊತ್ತಿಲ್ಲ, ಎರರ್ ಬರುತ್ತದೆ. ಬಿಟ್ ಬದಲಿಸುವ ಎಂ6 ಬಂದರೆ ಸಾಫ್ಟ್‌ವೇರ್ ಕಾಯುತ್ತದೆ, ನಾವು ಕೈಯಲ್ಲೇ ಬದಲಾಯಿಸುತ್ತೇವೆ. ಆದರೂ ಒಂದೊಂದು ಬಿಟ್‌ಗೆ ಒಂದೊಂದು ಫೈಲ್ ಕೊಟ್ಟರೆ ನಮಗೆ ಜಾಸ್ತಿ ಅನುಕೂಲ.

ಮುಂಗಡ ಕೊಟ್ಟಿರುವ ಆರ್ಡರ್‌ಗಳೆಲ್ಲ ಹೇಳಿದ ದಿನಕ್ಕೇ ಸಿಗುತ್ತವೆ. ಹಳೆಯ ಖಾತೆಯಲ್ಲಿದ್ದ ನಿಮ್ಮ ಫೈಲ್‌ಗಳನ್ನು ಇಳಿಸಿಕೊಂಡು ನಮ್ಮ ಡಿಸ್ಕ್‌ನಲ್ಲಿ ಇಟ್ಟಿದ್ದೇವೆ, ಆ ಖಾತೆಯಿಂದ ಅಳಿಸಿದ್ದೇವೆ. ಪ್ರತಿ ಬೇಕಾದವರು ಪೆನ್‌ಡ್ರೈವ್ ತನ್ನಿ. ನಮ್ಮಲ್ಲೂ ಇರುವುದು ಬೇಡ ಅನ್ನುವವರು ಹೇಳಿ, ನಿಮ್ಮ ಎದುರಿಗೇ ತೆಗೆದುಬಿಡುತ್ತೇವೆ.

ಇಂತಿ ನಿಮ್ಮ,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ