ಪ್ರಬಂಧಗಳನ್ನು ಎಣಿಸುವ ಮುನ್ನ

ಆತ್ಮೀಯ ಓದುಗರೇ,

ಸಂಘದ ಸುದ್ದಿಪತ್ರದಲ್ಲಿ ವಿಜ್ಞಾನಿಗಳನ್ನು ಪರಿಚಯಿಸುವಾಗ 'ನೂರಕ್ಕೂ ಹೆಚ್ಚು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ' ಎಂಬ ಸಾಲನ್ನು ನಾವು ರೂಢಿಯಂತೆ ಬರೆದುಬಿಡುತ್ತೇವೆ, ನಾನೂ ಬರೆದಿದ್ದೇನೆ. ಈ ಸಂಚಿಕೆಗಾಗಿ ನರ ಎಂಜಿನಿಯರಿಂಗ್ ಕ್ಷೇತ್ರದ ಸಂಶೋಧಕರೊಬ್ಬರ ಪ್ರಕಟಣೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಾಗ, ಆ ಸಾಲಿನಿಂದ ಓದುಗರಿಗೆ ತಿಳಿಯುವುದು ಏನೇನೂ ಇಲ್ಲವೆಂದು ಮನವರಿಕೆಯಾಯಿತು.

ಮೆದುಳು ಮತ್ತು ನರಗಳ ವಿದ್ಯುತ್ ಸಂಕೇತಗಳನ್ನು ಗ್ರಹಿಸುವ, ಇಲ್ಲವೇ ಅವುಗಳಿಗೆ ಹೊರಗಿನಿಂದ ಸಂಕೇತ ನೀಡುವ ಸಾಧನಗಳನ್ನು ರೂಪಿಸುವ ಈ ವಿದ್ಯೆಯಲ್ಲಿ ಬರವಣಿಗೆಗಿಂತ ಕಾಯುವುದೇ ಹೆಚ್ಚು. ಜರ್ಮನಿಯ ಯೇನಾ ನಗರದ ಮನೋವೈದ್ಯ ಹ್ಯಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ್ದು 1924ರಲ್ಲಿ. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಕಂಡದ್ದು ಮೆದುಳಿನದೇ ಸಂಕೇತವೋ, ಉಪಕರಣದ ದೋಷವೋ ಎಂಬ ಅನುಮಾನ ಅವರನ್ನು ಅಷ್ಟು ಕಾಲ ಕಾಡಿತ್ತು. ಆಮೇಲೆ 1938ರವರೆಗೆ ಒಂದೇ ಶೀರ್ಷಿಕೆಯಡಿ, ಕ್ರಮಸಂಖ್ಯೆ ಮಾತ್ರ ಬದಲಿಸುತ್ತ, ಹದಿನಾಲ್ಕು ವರದಿಗಳನ್ನು ಬರೆದರು. ಕೇಂಬ್ರಿಜ್‌ನಲ್ಲಿ ಶರೀರವಿಜ್ಞಾನಿಗಳಾದ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ಅದೇ ಅಲೆಗಳನ್ನು ತಾವೂ ಕಂಡು ದೃಢಪಡಿಸುವವರೆಗೆ ಬಹುಮಂದಿ ಅದನ್ನು ನಂಬಿರಲಿಲ್ಲ. ಆ ಐದು ವರ್ಷಗಳ ಮೌನವನ್ನು ಇಂದಿನ ಯಾವ ನೇಮಕಾತಿ ಸಮಿತಿ ಸಹಿಸಿಕೊಂಡೀತು?

ಕಾಯುವಿಕೆಗೆ ಕಾರಣ ದೇಹದಲ್ಲೇ ಇದೆ. ಮೆದುಳಿನೊಳಗೆ ಇಳಿಸಿದ ಸಿಲಿಕಾನ್ ಸೂಜಿಗಳ ಸುತ್ತ ಕಾಲಕ್ರಮದಲ್ಲಿ ಗಾಯದ ಅಂಗಾಂಶ ಬೆಳೆದು ಸಂಕೇತ ಕ್ಷೀಣಿಸುವುದುಂಟು; ಆದ್ದರಿಂದ ಸಾಧನ ಅಳವಡಿಸಿದ ಮೊದಲ ತಿಂಗಳಿನ ಯಶಸ್ಸಿಗಿಂತ ಐದನೆಯ ವರ್ಷದ ದಾಖಲೆಗೆ ತೂಕ ಹೆಚ್ಚು. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ವ್ಯಕ್ತಿಯೊಬ್ಬರು ಮೆದುಳಿನಲ್ಲಿ ಅಳವಡಿಸಿದ 96 ಎಲೆಕ್ಟ್ರೋಡುಗಳ (ಸಂಕೇತ ಹಿಡಿಯುವ ಅಂಥ ಸೂಜಿಗಳ) ನೆರವಿನಿಂದ ಪರದೆಯ ಮೇಲಿನ ಕರ್ಸರ್ ಅನ್ನು ಮನಸ್ಸಿನಿಂದಲೇ ಸರಿಸಿದ ವರದಿ 'ನೇಚರ್' ಪತ್ರಿಕೆಯಲ್ಲಿ 2006ರಲ್ಲಿ ಬಂತು. ಆ ಪ್ರಯೋಗ ನಡೆಸಿದ, ಬ್ರೈನ್‌ಗೇಟ್ ಎಂಬ ಹೆಸರಿನ ಸಂಶೋಧನಾ ತಂಡದ 2012ರ ಪ್ರಬಂಧದಲ್ಲಿ, ಐದು ವರ್ಷಗಳ ಹಿಂದೆ ಸಾಧನ ಅಳವಡಿಸಿಕೊಂಡಿದ್ದ ಮಹಿಳೆಯೊಬ್ಬರು ರೋಬೋಟ್ ತೋಳಿನಿಂದ ಬಾಟಲಿ ಎತ್ತಿಕೊಂಡು ಕಾಫಿ ಕುಡಿದರು. ಪಟ್ಟಿಯಲ್ಲಿ ಇವೆರಡೂ ಒಂದೊಂದು ಸಾಲು, ಅಷ್ಟೇ.

ಇನ್ನು ಲೇಖಕರ ಸಾಲು. ಒಂದು ಪ್ರಬಂಧದ ಹಿಂದೆ ಶಸ್ತ್ರವೈದ್ಯ, ಚಿಪ್ ವಿನ್ಯಾಸಕ, ಗಣಿತಜ್ಞ, ಸ್ವಯಂಸೇವಕರೊಡನೆ ದಿನಗಟ್ಟಲೆ ಕೂರುವ ವಿದ್ಯಾರ್ಥಿ ಎಲ್ಲರೂ ಇರುವುದರಿಂದ ಹೆಸರುಗಳು ಹನುಮಂತನ ಬಾಲದಂತೆ ಬೆಳೆಯುತ್ತವೆ. ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ನಡುವಿನ ಹೆಸರನ್ನು ಕಂಡು ಪಾಲು ಸಣ್ಣದೆಂದು ತೀರ್ಮಾನಿಸುವಂತಿಲ್ಲ. ಅದು ಚಿಪ್ ವಿನ್ಯಾಸಕರ ಹೆಸರಾಗಿದ್ದರೆ, ಅವರ ಚಿಪ್ ಇಲ್ಲದೆ ಪ್ರಯೋಗವೇ ನಡೆಯುತ್ತಿರಲಿಲ್ಲ. ಎಂಜಿನಿಯರುಗಳು ಸಮ್ಮೇಳನದಲ್ಲಿ ನಾಲ್ಕು ಪುಟಗಳಲ್ಲಿ ಮಂಡಿಸಿದ್ದನ್ನೇ ಮುಂದೆ ವಿಸ್ತರಿಸಿ ನಿಯತಕಾಲಿಕದಲ್ಲಿ ಪ್ರಕಟಿಸುವುದೂ ಉಂಟು. ಅದರಲ್ಲಿ ತಪ್ಪೇನಿಲ್ಲ, ಆದರೆ ಎಣಿಸುವವರಿಗೆ ಒಂದು ಕೆಲಸ ಎರಡಾಗಿ ಕಾಣುತ್ತದೆ.

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಎಂಬ ಅಳತೆ ಈ ಗೊಂದಲಕ್ಕೆ ಪರಿಹಾರವೆಂದು ಕೆಲವರು ಹೇಳುತ್ತಾರೆ. ಒಬ್ಬರ ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದು, ಇಪ್ಪತ್ತೊಂದು ಪ್ರಬಂಧಗಳು ತಲಾ ಇಪ್ಪತ್ತೊಂದು ಬಾರಿ ಉಲ್ಲೇಖಗೊಂಡಿವೆ ಎಂದು ಹೇಳಲಾಗದಿದ್ದರೆ ಅವರ ಅಂಕ ಇಪ್ಪತ್ತು. ಸಾವಿರ ಬಾರಿ ಉಲ್ಲೇಖಗೊಂಡ ಪ್ರಬಂಧವೂ ಅಲ್ಲಿ ಒಂದೇ ಲೆಕ್ಕ. ಮೇಲಾಗಿ ಒಂದು ಪ್ರಬಂಧವನ್ನು ಇತರರು ಉಲ್ಲೇಖಿಸುವುದು ಅದನ್ನು ಒಪ್ಪಿಕೊಂಡು ಮಾತ್ರವಲ್ಲ, ಅಲ್ಲಗಳೆಯುವುದಕ್ಕೂ ಹೌದು.

ಈ ಕಾರಣದಿಂದ ನಮ್ಮ ಸಂಶೋಧಕರಿಗೆ ಒಂದು ವಿನಂತಿ ಮಾಡಿದೆ: ತಮ್ಮ ಪಟ್ಟಿಯಿಂದ ಮೂರನ್ನು ಆರಿಸಿ, ಪ್ರತಿಯೊಂದರಲ್ಲೂ ತಮ್ಮ ಪಾಲು ಯಾವುದೆಂದು ತಿಳಿಸಿ ಎಂದು. ಅವರು ಆರಿಸಿದವುಗಳಲ್ಲಿ ಒಂದು, ತಮ್ಮದೇ ಎಲೆಕ್ಟ್ರೋಡುಗಳು ಏಕೆ ಸೋತವು ಎಂಬುದನ್ನು ವಿವರಿಸುವ ಪ್ರಬಂಧ. ಈ ಸಂಚಿಕೆಯ ಪರಿಚಯ ಲೇಖನ ಅದರಿಂದಲೇ ಆರಂಭವಾಗುತ್ತದೆ. ಒಟ್ಟು ಸಂಖ್ಯೆಯನ್ನು ಮುದ್ರಿಸಿಲ್ಲ.