ಕೂಪರ್ ಎಚ್ಚೆತ್ತದ್ದು ಬೇರೆ ಕೋಣೆಯಲ್ಲಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಒಗಟಿನ ಕೊನೆಯುಳ್ಳ ಧಾರಾವಾಹಿಗಳ ಬಗ್ಗೆ ಬಂದ ಬರಹ ‘ಟ್ವಿನ್ ಪೀಕ್ಸ್: ದಿ ರಿಟರ್ನ್’ನ ಕೊನೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ: ‘ಅದೆಲ್ಲ ಪತ್ತೇದಾರ ಕೂಪರ್ ಕಂಡ ಕನಸು.’ 17 ಮತ್ತು 18ನೇ ಕಂತುಗಳು 2017ರ ಸೆಪ್ಟೆಂಬರ್ 3ರಂದು ಒಂದೇ ರಾತ್ರಿ ಪ್ರಸಾರವಾದವು. ಅಂದಿನಿಂದಲೂ ಈ ಉತ್ತರ ಚಾಲ್ತಿಯಲ್ಲಿದೆ. ಕನಸು ಎಂಬ ಮಾತು ಆ ಕಥೆಯೊಳಗೇ ಇರುವುದು ನಿಜ. ಆದರೆ ಬರಹಗಾರರು ಅದಕ್ಕೆ ಕೊಟ್ಟ ಅರ್ಥಕ್ಕೂ ತೆರೆಯ ಮೇಲೆ ನಡೆಯುವುದಕ್ಕೂ ತಾಳೆಯಾಗುವುದಿಲ್ಲ. ಕೊನೆಯನ್ನು ಇನ್ನೂ ನೋಡದವರು ದಯವಿಟ್ಟು ಈ ಪತ್ರವನ್ನು ಇಲ್ಲಿಗೇ ಬಿಡಬೇಕು.

ಹಿನ್ನೆಲೆ ಇಷ್ಟು. 1990ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಈ ಕಥೆ ಶುರುಮಾಡಿದರು. ವಾಷಿಂಗ್ಟನ್ ರಾಜ್ಯದ ಒಂದು ಕಲ್ಪಿತ ಊರು, ನೀರಿನ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಶಾಲಾ ಹುಡುಗಿ ಲಾರಾ ಪಾಮರ್‌ಳ ಹೆಣ, ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್. ಕೊಂದವನು ಬಾಬ್ ಎಂಬ ದುಷ್ಟಶಕ್ತಿ ಹೊಕ್ಕಿದ್ದ ಅವಳ ಅಪ್ಪನೇ. 1991ರಲ್ಲಿ ಕಥೆ ನಿಂತಾಗ ಕೂಪರ್ ಆಚೆಯ ಲೋಕದ ಕೆಂಪು ಪರದೆಯ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ. 25 ವರ್ಷ ಕಳೆದ ಮೇಲೆ ಶೋಟೈಮ್ ವಾಹಿನಿಗಾಗಿ ಬಂದ 18 ಕಂತುಗಳು ಅವನನ್ನು ಹೊರಗೆ ತರುತ್ತವೆ.

17ನೇ ಕಂತಿನಲ್ಲಿ ಎಲ್ಲವೂ ಬಗೆಹರಿದಂತೆ ಕಾಣುತ್ತದೆ. ಶೆರಿಫ್ ಕಚೇರಿಯಲ್ಲಿ ಎಲ್ಲರೂ ಸೇರಿದ್ದಾರೆ, ಹಸಿರು ಕೈಗವಸಿನ ಹುಡುಗ ಬಾಬ್‌ನನ್ನು ಗುದ್ದಿ ಪುಡಿಮಾಡುತ್ತಾನೆ. ಆಮೇಲೆ ಕೂಪರ್ ಕಾಲದಲ್ಲಿ ಹಿಂದಕ್ಕೆ ಹೋಗಿ, ಲಾರಾ ಸಾಯುವ ರಾತ್ರಿ ಕಾಡಿನಲ್ಲಿ ಅವಳ ಕೈ ಹಿಡಿದು ‘ಮನೆಗೆ ಹೋಗೋಣ’ ಎಂದು ಕರೆದೊಯ್ಯುತ್ತಾನೆ. ದಡದಲ್ಲಿದ್ದ ಹೆಣ ಚಿತ್ರದಿಂದ ಅಳಿಸಿಹೋಗುತ್ತದೆ. ಆದರೆ ದಾರಿಯ ಮಧ್ಯೆ ಕೂಪರ್‌ನ ಕೈ ಖಾಲಿ. ಲಾರಾ ಇಲ್ಲ, ಚೀರು ಮಾತ್ರ ಕೇಳಿಸುತ್ತದೆ.

ಕನಸಿನ ವಾದಕ್ಕೆ ಮುಖ್ಯ ಆಧಾರ ಇದೇ ಕಂತಿನಲ್ಲಿದೆ. ಕಚೇರಿಯಲ್ಲಿ ಕಣ್ಣಿಲ್ಲದ ಹೆಂಗಸನ್ನು ನೋಡಿದ ಕ್ಷಣದಿಂದ ಕೂಪರ್‌ನ ದೊಡ್ಡ ಮುಖವೊಂದು ಇಡೀ ದೃಶ್ಯದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ನಾವು ಕನಸಿನೊಳಗೆ ಬದುಕುತ್ತಿದ್ದೇವೆ ಎಂದು ಅದು ಎಳೆದೆಳೆದು ಹೇಳುತ್ತದೆ. ಗೋಡೆಯ ಗಡಿಯಾರ 2:52, 2:53ರ ನಡುವೆ ತುಯ್ದಾಡುತ್ತಿರುತ್ತದೆ. ಆ ಮುಖವನ್ನು ಕನಸು ಕಾಣುವವನ ಮುಖ ಎಂದೇ ಒಪ್ಪೋಣ. ಹಾಗಾದರೆ ಕನಸಿನ ಗುರುತು ಬಿದ್ದಿರುವುದು ದುಷ್ಟಸಂಹಾರವಾಗಿ ಎಲ್ಲರೂ ನಿಟ್ಟುಸಿರು ಬಿಡುವ ಆ ಸುಖಾಂತದ ಮೇಲೆ. ದೀಪ ಆರಿ ಕೂಪರ್ ಕತ್ತಲಲ್ಲಿ ನಡೆದು ಹೋದ ಮೇಲೆ ಮುಖ ಮರೆಯಾಗುತ್ತದೆ, 18ನೇ ಕಂತಿನಲ್ಲಿ ಒಮ್ಮೆಯೂ ಮರಳುವುದಿಲ್ಲ. ಆ ಕಂತಿನಲ್ಲಿರುವುದು ಪೆಟ್ರೋಲ್ ಬಂಕು, ಮಾತಿಲ್ಲದ ಉದ್ದ ಪ್ರಯಾಣ, ದಣಿದ ಮುಖಗಳು. ಕಳೆದ ವಾರದ ಬರಹ ಕನಸನ್ನು ತಪ್ಪು ಕಂತಿನಲ್ಲಿ ಹುಡುಕಿದೆ.

ಹಾಗೆಂದು 18ನೇ ಕಂತೇ ಎಚ್ಚರ ಎಂದು ತೀರ್ಮಾನಿಸುವಂತೆಯೂ ಇಲ್ಲ. ಮೋಟೆಲ್ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಕೂಪರ್ ಮತ್ತು ಅವನ ಹಳೆಯ ಕಾರ್ಯದರ್ಶಿ ಡಯಾನ್ ಹಗಲಲ್ಲಿ ಲೆಕ್ಕ ಹಾಕಿಕೊಂಡು ಸರಿಯಾಗಿ 430 ಮೈಲು, ಅಂದರೆ ಸುಮಾರು 692 ಕಿ.ಮೀ. ಕಾರು ಓಡಿಸುತ್ತಾರೆ. ವಿದ್ಯುತ್ ಗೋಪುರಗಳು ಗುಂಯ್‌ಗುಡುವ ಜಾಗ ಅದು. ದಾಟಿದ ಕೂಡಲೇ ರಾತ್ರಿ. ಒಂದು ಹಳೆಯ ಮೋಟೆಲಿನಲ್ಲಿ ತಂಗುತ್ತಾರೆ. ಬೆಳಿಗ್ಗೆ ಡಯಾನ್ ಇಲ್ಲ. ಮಂಚದ ಪಕ್ಕ ಚೀಟಿಯಿದೆ, ಅದು ‘ರಿಚರ್ಡ್’ಗೆ ‘ಲಿಂಡಾ’ ಬರೆದದ್ದು. ಆ ಹೆಸರುಗಳು ಅವನಿಗೆ ಅರ್ಥವಾಗುವುದಿಲ್ಲ. ಬಾಗಿಲು ತೆರೆದು ಬಂದರೆ ಹೊರಗಿರುವುದು ಬೇರೆ ಕಟ್ಟಡ, ಬೇರೆ ಕಾರು.

ಇಲ್ಲಿ ನಮ್ಮ ಓದುಗರಿಗೆ ಗುರುತಿರುವ ಒಂದು ಗ್ರಂಥ ನೇರವಾಗಿ ನೆರವಾಗುತ್ತದೆ. ಲಿಂಚ್ 1973ರಿಂದ ಮಹರ್ಷಿ ಮಹೇಶ್ ಯೋಗಿಯವರ ಧ್ಯಾನಪದ್ಧತಿಯನ್ನು ಅನುಸರಿಸಿದವರು. ಜೇಡ ಬಲೆ ನೇಯ್ದು ಅದರಲ್ಲೇ ಓಡಾಡುವಂತೆ, ಕನಸು ಕಾಣುವವನು ತನ್ನ ಕನಸಿನಲ್ಲೇ ಬದುಕುತ್ತಾನೆ ಎಂಬ ಮಾತನ್ನು ಉಪನಿಷತ್ತಿನ ಹೆಸರಿನಲ್ಲಿ ಸಭೆಗಳಲ್ಲಿ ಹೇಳುತ್ತಿದ್ದರು. 14ನೇ ಕಂತಿನಲ್ಲಿ, ಲಿಂಚರೇ ನಟಿಸಿದ, ಕೂಪರ್‌ನ ಮೇಲಧಿಕಾರಿ ಗಾರ್ಡನ್ ಕೋಲ್‌ನ ಕನಸಿನಲ್ಲಿ, ನಟಿ ಮೋನಿಕಾ ಬೆಲುಚಿ ಅದೇ ಮಾತಿನ ಉತ್ತರಾರ್ಧವನ್ನು ಹೇಳಿ ‘ಆದರೆ ಆ ಕನಸುಗಾರ ಯಾರು?’ ಎಂದು ಕೇಳುತ್ತಾಳೆ. ಮಾಂಡೂಕ್ಯ ಉಪನಿಷತ್ತಿಗೆ ಗೌಡಪಾದರು ಬರೆದ ಪದ್ಯರೂಪದ ವಿವರಣೆಯಾದ ಕಾರಿಕೆಯ ಎರಡನೇ ಪ್ರಕರಣ ಕನಸನ್ನು ಪರೀಕ್ಷಿಸುವುದು ಹೀಗೆ: ‘ಪ್ರತಿಬುದ್ಧಶ್ಚ ವೈ ಸರ್ವಸ್ತಸ್ಮಿನ್ ದೇಶೇ ನ ವಿದ್ಯತೇ.’ ಎಚ್ಚೆತ್ತ ಯಾರೂ ಕನಸಿನಲ್ಲಿ ಕಂಡ ಊರಿನಲ್ಲಿ ಇರುವುದಿಲ್ಲ, ಮಲಗಿದಲ್ಲೇ ಏಳುತ್ತಾರೆ. ಕೂಪರ್ ಮಲಗಿದಲ್ಲಿ ಏಳಲಿಲ್ಲ. ಹಳೆಯ ಮೋಟೆಲ್ ಕನಸಾಗಿದ್ದರೆ ಅಲ್ಲಿಗೆ ತಂದ ದಾರಿ, ಅದಕ್ಕೂ ಹಿಂದಿನ ಕಾಡು, ಕಚೇರಿ ಎಲ್ಲವೂ ಕನಸಾಗಬೇಕು. ಹೊಸ ಮೋಟೆಲ್ ಕನಸಾಗಿದ್ದರೆ ಅವನು ಇನ್ನೂ ಎದ್ದೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಲು ಬೇಕಾದ ಸುಳಿವನ್ನು ಲಿಂಚ್ ಬೇಕೆಂದೇ ತೆಗೆದುಬಿಟ್ಟಿದ್ದಾರೆ. ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೇ ಅಧ್ಯಾಯ ಕನಸಿನ ಬಗ್ಗೆ ಹೇಳುವಾಗ, ಅಲ್ಲಿ ರಥಗಳಿಲ್ಲ, ಕಟ್ಟಿದ ಕುದುರೆಗಳಿಲ್ಲ, ದಾರಿಗಳಿಲ್ಲ, ಅವನೇ ರಥವನ್ನೂ ಕುದುರೆಯನ್ನೂ ದಾರಿಯನ್ನೂ ಸೃಷ್ಟಿಸಿಕೊಳ್ಳುತ್ತಾನೆ ಎನ್ನುತ್ತದೆ. ಒಂದು ರಾತ್ರಿಯಲ್ಲಿ ಬದಲಾದ ಕೂಪರ್‌ನ ಕಾರನ್ನು ನೋಡಿದವರಿಗೆ ಈ ಸಾಲು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ‘ಎಲ್ಲ ಮಾಯೆ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಕಾರಿಕೆಯ ವಾದ ಹಾಗಿಲ್ಲ. ಕನಸಿಗೆ ಒಂದು ಬೆಲೆ, ಎಚ್ಚರಕ್ಕೆ ಇನ್ನೊಂದು ಬೆಲೆ ಎಂಬ ಹಂಚಿಕೆಯನ್ನೇ ಅದು ಒಪ್ಪುವುದಿಲ್ಲ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಕನ್ನಡ ಅನುವಾದದಲ್ಲಿ ಶಾಂಕರಭಾಷ್ಯದೊಂದಿಗೆ ಇದನ್ನು ಓದಬಹುದು. ‘ಬರೀ ಕನಸು’ ಎನ್ನುವಾಗಿನ ಆ ‘ಬರೀ’ ಪದಕ್ಕೆ ಅಲ್ಲಿಯೂ ಜಾಗವಿಲ್ಲ, ಈ ಧಾರಾವಾಹಿಯಲ್ಲಿಯೂ ಇಲ್ಲ.

ಕೂಪರ್ ಯಾವ ಲೋಕದಲ್ಲಿದ್ದಾನೆ ಎಂಬುದಕ್ಕಿಂತ ಅವನು ಏನು ಮಾಡುತ್ತಿದ್ದಾನೆ ಎಂದು ನೋಡಿದರೆ ಕೊನೆ ಬಿಚ್ಚಿಕೊಳ್ಳುತ್ತದೆ. ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಜೂಡೀಸ್ ಎಂಬ ಹೋಟೆಲು. ಅಲ್ಲಿಂದ ಒಬ್ಬ ಪರಿಚಾರಿಕೆಯ ವಿಳಾಸ ಹಿಡಿದು ಹೋಗುತ್ತಾನೆ. ಮನೆಯೆದುರು 6 ಎಂಬ ಅಂಕಿಯ ವಿದ್ಯುತ್ ಕಂಬ. ಬಾಗಿಲು ತೆರೆದವಳು ಲಾರಾಳ ಪ್ರತಿರೂಪ, ಹೆಸರು ಮಾತ್ರ ಕ್ಯಾರಿ ಪೇಜ್. ಒಳಗೆ ಗುಂಡೇಟಿನಿಂದ ಸತ್ತ ಗಂಡಸು ಕೂತ ಹಾಗೇ ಇದ್ದಾನೆ, ಗೂಡಿನ ಮೇಲೆ ಪುಟ್ಟ ಬಿಳಿ ಕುದುರೆಯ ಗೊಂಬೆ. ಕೂಪರ್ ಎರಡನ್ನೂ ನೋಡುತ್ತಾನೆ. ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಒಂದು ಹೆಣದ ನ್ಯಾಯಕ್ಕಾಗಿ ಆ ಊರಿಗೆ ಬಂದಿದ್ದ ಪತ್ತೇದಾರ ಇವನೇ. ಈಗ ಇನ್ನೊಂದು ಹೆಣದ ಮುಂದೆ ನಿಂತು, ಕ್ಯಾರಿಯನ್ನು ಅವಳ ತಾಯಿಯ ಮನೆಗೆ ಕರೆದೊಯ್ಯಬೇಕು ಎನ್ನುತ್ತಾನೆ. ಇಡೀ ಕಂತಿನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಕ್ಷಣ ಇದು. ಕಾಪಾಡುವ ಹಟ ಕೂಪರ್‌ನ ಕಣ್ಣನ್ನೇ ಕಟ್ಟಿದೆ.

ರಾತ್ರಿಯಿಡೀ ಓಡಿಸಿ ಪಾಮರ್ ಮನೆಗೆ ಬಂದರೆ ಬಾಗಿಲು ತೆರೆಯುವವಳು ಅಪರಿಚಿತೆ. (ಚಿತ್ರೀಕರಣ ನಡೆದ ಆ ಮನೆಯ ನಿಜವಾದ ಒಡತಿಯೇ ಈ ಪಾತ್ರ ಮಾಡಿದ್ದಾರೆ. ಅವಳ ಸಹಜ ಗಲಿಬಿಲಿಗೆ ಇದೂ ಒಂದು ಕಾರಣವಿರಬೇಕು.) ಹೆಸರು ಆಲಿಸ್ ಟ್ರೆಮಂಡ್, ಮನೆ ಕೊಂಡದ್ದು ಚಾಲ್ಫಾಂಟ್ ಎಂಬಾಕೆಯಿಂದ. ಇವೆರಡೂ ಯಾವುದೋ ಹೆಸರುಗಳಲ್ಲ. ಹಳೆಯ ಸರಣಿಯಲ್ಲೂ ಇದೇ ಕಥೆಯ 1992ರ ಚಲನಚಿತ್ರದಲ್ಲೂ ಆಚೆಯ ಲೋಕದ ಅಜ್ಜಿ-ಮೊಮ್ಮಗ ಇದೇ ಹೆಸರುಗಳಲ್ಲಿ ಬಂದಿದ್ದರು. ಮನೆ ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಿಲ್ಲ. 1ನೇ ಕಂತಿನ ಮೊದಲಲ್ಲೇ ಕೂಪರ್‌ಗೆ ಸಿಕ್ಕ ಎಚ್ಚರಿಕೆಯೂ ‘ಅದು ಈಗ ನಮ್ಮ ಮನೆಯಲ್ಲಿದೆ’ ಎಂದೇ.

ಬೀದಿಗೆ ಇಳಿದು ಬಂದು ಕೂಪರ್ ತಡವರಿಸುತ್ತಾ ‘ಇದು ಯಾವ ವರ್ಷ?’ ಎನ್ನುತ್ತಾನೆ. ಆಗ ಬಹಳ ದೂರದಿಂದ ತಾಯಿ ಸಾರಾ ‘ಲಾರಾ’ ಎಂದು ಕರೆಯುವ ದನಿ. ಮಗಳು ಎದ್ದಿಲ್ಲವೆಂದು 1990ರ ಮೊದಲ ಕಂತಿನ ಬೆಳಿಗ್ಗೆ ಆ ತಾಯಿ ಕೂಗಿದ ಕೂಗನ್ನು ನೆನಪಿಸುವ ದನಿ ಅದು. ಕ್ಯಾರಿ ಚೀರುತ್ತಾಳೆ, ಮನೆಯ ದೀಪಗಳೆಲ್ಲ ಒಮ್ಮೆಗೇ ಆರುತ್ತವೆ. ಲಾರಾಳ ಚೀರು ಇದೇ ಸರಣಿಯಲ್ಲಿ ಈ ಮೊದಲೂ ಇದೆ: 2ನೇ ಕಂತಿನ ಕೆಂಪು ಕೋಣೆಯಲ್ಲಿ, 17ರ ಕಾಡಿನಲ್ಲಿ. ಅಲ್ಲಿ ಯಾವುದೋ ಶಕ್ತಿ ಅವಳನ್ನು ಎಳೆದೊಯ್ದಾಗ ಚೀರುತ್ತಾಳೆ. ಇಲ್ಲಿ ಯಾರೂ ಎಳೆಯುತ್ತಿಲ್ಲ, ನಿಂತಲ್ಲೇ ಅವಳಿಗೆ ನೆನಪಾಗಿದೆ. ಕೂಪರ್ ಸಾವನ್ನು ಅಳಿಸಿದ, ಆ ಮನೆಯಲ್ಲಿ ಅವಳು ಅನುಭವಿಸಿದ್ದನ್ನು ಅಳಿಸಲಾಗಲಿಲ್ಲ. ಹೆಸರು, ಊರು, ವರ್ಷ ಮೂರನ್ನೂ ಬದಲಿಸಿದರೂ ನೋವು ಅವಳನ್ನು ಹುಡುಕಿ ಬಂತು. ‘ಕನಸು’ ಎಂದು ಷರಾ ಬರೆದರೆ ಈ ಹುಡುಗಿಯ ನೋವೇ ಸುಳ್ಳೆಂದಂತಾಗುತ್ತದೆ. ಕಳೆದ ವಾರದ ಬರಹಕ್ಕೆ ನನ್ನ ಮುಖ್ಯ ಆಕ್ಷೇಪ ಇದೇ.

ಇನ್ನೊಂದು ವಾದವಿದೆ: 17 ಮತ್ತು 18ನ್ನು ಅಕ್ಕಪಕ್ಕ ಒಟ್ಟಿಗೆ ಓಡಿಸಿದರೆ ಒಗಟು ಬಿಡುತ್ತದಂತೆ. ಗಂಟೆಯುದ್ದದ ಯಾವ ಎರಡು ಕಂತುಗಳನ್ನು ಹಾಗೆ ಇಟ್ಟರೂ ನಾಲ್ಕಾರು ಕಡೆ ಹೊಂದಿಯೇ ಹೊಂದುತ್ತವೆ.

ಮತ್ತೆ ನೋಡುವವರಿಗೆ ಕೆಲವು ಮಾತು. ಮೊದಲು 1ನೇ ಕಂತಿನ ಆರಂಭದ ಕಪ್ಪುಬಿಳುಪು ದೃಶ್ಯ, 2ರ ಕೆಂಪು ಕೋಣೆ, 14ರ ಬೆಲುಚಿ ಕನಸು, ಆಮೇಲೆ 17 ಮತ್ತು 18 ಒಂದೇ ಕೂರಿಕೆಯಲ್ಲಿ. 430, ರಿಚರ್ಡ್, ಲಿಂಡಾ ಮೂರೂ ಆ ಮೊದಲ ದೃಶ್ಯದಲ್ಲೇ ಇವೆ. ಅಲ್ಲಿ ಗ್ರಾಮಫೋನಿನಿಂದ ಬರುವ ಕೀಟದಂಥ ಕರಕರ ಸದ್ದೇ ಕಾಡಿನಲ್ಲಿ ಲಾರಾ ಮಾಯವಾಗುವಾಗಲೂ ಕೇಳುತ್ತದೆ. ಹೆಡ್‌ಫೋನ್ ಬೇಕೇ ಬೇಕು, ಮೊಬೈಲಿನ ಸ್ಪೀಕರಿನಲ್ಲಿ ಸಾರಾಳ ಕೂಗು ತಪ್ಪಿಹೋಗುತ್ತದೆ. ಪ್ರಯಾಣದ ದೃಶ್ಯಗಳು ತೀರಾ ಕತ್ತಲು, ಕೋಣೆಯ ದೀಪ ಆರಿಸಿ ನೋಡಬೇಕು. ಆ್ಯಪ್‌ನಲ್ಲಿ ತಾನಾಗಿಯೇ ಮುಂದಕ್ಕೆ ಹೋಗುವ ವ್ಯವಸ್ಥೆಯನ್ನು ಮೊದಲೇ ನಿಲ್ಲಿಸಿಡಿ. ತೆರೆ ಕಪ್ಪಾದ ಮೇಲೆ ಹೆಸರುಗಳು ಬರುವಾಗ, ಅವುಗಳ ಹಿಂದೆ, ಕೆಂಪು ಕೋಣೆಯಲ್ಲಿ ಲಾರಾ ಕೂಪರ್‌ನ ಕಿವಿಯಲ್ಲಿ ಏನೋ ಹೇಳುತ್ತಿರುವುದು ನಿಧಾನಗತಿಯಲ್ಲಿ ಕಾಣುತ್ತದೆ. ಮಾತು ನಮಗೆ ಕೇಳಿಸುವುದಿಲ್ಲ. ಕೂಪರ್‌ನ ಮುಖವನ್ನು ಮಾತ್ರ ನೋಡಿ.

– ಒಬ್ಬ ಓದುಗ, ಮೈಸೂರು